ಜಿಪಿಯುವಿನಲ್ಲಿ ಎಫ್‌ಆರ್‌ಬಿ ಹುಡುಕಾಟ: ಡಿಎಂ 2000 ಕೊಟ್ಟರೆ ನಿಂತುಬಿಡುತ್ತದೆ

ಪ್ರಶ್ನೆ: ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಸಿ ಎಫ್‌ಆರ್‌ಬಿ, ಅಂದರೆ ಆಕಾಶದಿಂದ ಬರುವ ಕ್ಷಣಿಕ ರೇಡಿಯೊ ಸಿಡಿತಗಳನ್ನು ಹುಡುಕುತ್ತಿದ್ದೇನೆ. ಪುಣೆ ಬಳಿಯ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ 550–750 ಮೆಗಾಹರ್ಟ್ಸ್ ದತ್ತಾಂಶ, 2048 ಚಾನೆಲ್ (ಆವರ್ತನದ ಕಿರುಪಟ್ಟಿಗಳು), ಸ್ಯಾಂಪಲ್‌ಗೆ 81.92 ಮೈಕ್ರೊಸೆಕೆಂಡ್. ಇಂಥ ಮಿಡಿತ ಹುಡುಕುವ ತಂತ್ರಾಂಶ ಹೈಮ್‌ಡಾಲ್‌ಗೆ ಒಂದು ಸಲಕ್ಕೆ 65536 ಸ್ಯಾಂಪಲ್ ಕೊಡುತ್ತಿದ್ದೇನೆ. ಡಿಎಂ (ದಾರಿಯಲ್ಲಿನ ಎಲೆಕ್ಟ್ರಾನ್‌ಗಳಿಂದಾಗಿ ಕೆಳಗಿನ ಆವರ್ತನ ಎಷ್ಟು ತಡವಾಗುತ್ತದೆ ಎಂಬುದರ ಅಳತೆ) 500ರವರೆಗೆ ಸರಿ, 2000ಕ್ಕೆ ಕೆಲಸ ಮಾಡುತ್ತಿಲ್ಲ. ಕಾರ್ಡಿನ ಮೆಮೊರಿ ಸಾಲದೇ?

ಉತ್ತರ: ಮೆಮೊರಿಯಲ್ಲ, ಒಂದು ಸಲಕ್ಕೆ ಕೊಡುವ ತುಂಡಿನ ಉದ್ದ ಸಾಲದು. 65536 ಸ್ಯಾಂಪಲ್ ಅಂದರೆ 5.4 ಸೆಕೆಂಡ್ ಅಷ್ಟೇ; ಬ್ಯಾಂಡಿನ ಎರಡು ತುದಿಗಳ ನಡುವಿನ ವಿಳಂಬ ಪೂರ್ತಿ ಅದರೊಳಗೆ ಹಿಡಿಯಬೇಕು. ವಿಳಂಬ = 4.15 ಮಿಲಿಸೆಕೆಂಡ್ × ಡಿಎಂ × (1/ಕೆಳಗಿನ ಆವರ್ತನದ ವರ್ಗ − 1/ಮೇಲಿನದರ ವರ್ಗ), ಆವರ್ತನ ಗಿಗಾಹರ್ಟ್ಸ್‌ನಲ್ಲಿ. ನಿಮ್ಮ ಬ್ಯಾಂಡಿನಲ್ಲಿ ಡಿಎಂ 500ಕ್ಕೆ 3.2 ಸೆಕೆಂಡ್, 2000ಕ್ಕೆ 12.7. 262144 ಇಟ್ಟರೆ 21.5 ಸೆಕೆಂಡ್ ಸಿಗುತ್ತದೆ, ಆದರೆ ಪ್ರತಿ ಸಲ 12.7 ಸೆಕೆಂಡಿನಷ್ಟನ್ನು ಮತ್ತೆ ಓದಬೇಕು. 524288 ಇಡಿ, ಪೋಲು ಕಡಿಮೆ. 8 ಬಿಟ್‌ನಲ್ಲಿ ಅದು ಸುಮಾರು 1 ಜಿಬಿ.

ಇನ್ನೊಂದು ಉತ್ತರ: ಅದಕ್ಕೂ ಮೊದಲು ಚಾನೆಲ್ ಅಗಲ ನೋಡಿ. 550 ಮೆಗಾಹರ್ಟ್ಸ್ ತುದಿಯಲ್ಲಿ, ಡಿಎಂ 500ಕ್ಕೆ ಒಂದೇ ಚಾನೆಲ್ಲಿನೊಳಗೆ ಮಿಡಿತ 2.4 ಮಿಲಿಸೆಕೆಂಡ್ ಕಲಸಿಹೋಗುತ್ತದೆ. 2000ಕ್ಕೆ ಅದರ ನಾಲ್ಕರಷ್ಟು. ಒಮ್ಮೆ ಕಲಸಿದ್ದನ್ನು ಯಾವ ಜಿಪಿಯುವೂ ಬಿಡಿಸಲಾರದು. ಮುಂದಿನ ವೀಕ್ಷಣೆಗೆ 4096 ಚಾನೆಲ್ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು: 524288ಕ್ಕೆ ಓಡಿತು. ಈಗ ಡಿಎಂ 0ರ ಹತ್ತಿರ ಸಾವಿರಾರು ಅಭ್ಯರ್ಥಿಗಳು (ಎಫ್‌ಆರ್‌ಬಿ ಇರಬಹುದೆಂದು ತಂತ್ರಾಂಶ ಗುರುತಿಸಿದವು)!

ಉತ್ತರ: ನೆಲದ ಗದ್ದಲ; ವಿದ್ಯುತ್ ತಂತಿಯ ಕಿಡಿ ಎಲ್ಲ ಚಾನೆಲ್‌ಗಳಲ್ಲೂ ಒಟ್ಟಿಗೇ ಬರುತ್ತದೆ. ಪ್ರತಿ ಸ್ಯಾಂಪಲ್‌ನಲ್ಲಿ ಚಾನೆಲ್‌ಗಳ ಸರಾಸರಿ ಕಳೆಯಿರಿ, ಸದಾ ಕೆಟ್ಟಿರುವ ಚಾನೆಲ್‌ಗಳನ್ನು ಮುಚ್ಚಿ. ಬಳಿಕ ಬಿ0329+54 ಪಲ್ಸಾರ್ (ನಿಯಮಿತವಾಗಿ ಮಿಡಿಯುವ ನಕ್ಷತ್ರ) ದತ್ತಾಂಶದ ಮೇಲೆ ಓಡಿಸಿ: ಡಿಎಂ 26.8ರ ಸುತ್ತ ಬಿಡಿ ಮಿಡಿತಗಳು ಕಾಣಲೇಬೇಕು. ಕಾಣದಿದ್ದರೆ ಮೊದಲ ಶಂಕೆ ಚಾನೆಲ್‌ಗಳ ಕ್ರಮ ತಲೆಕೆಳಗಾಗಿರುವುದರ ಮೇಲೆ.