ಬೇಸಿಗೆ ರಜೆಗೆ ಮಕ್ಕಳನ್ನ ಕೊಡಗಿನ ಅಮ್ಮತ್ತಿಗೆ ಕಳಿಸ್ತಿದ್ದೀನಿ, ತೋಟದಲ್ಲಿ ಅವರಷ್ಟಕ್ಕೆ ತಿರುಗಾಡೋಕೆ ಬಿಡಬಹುದಾ?

ಬೆಂಗಳೂರಮ್ಮ:
ನಮ್ಮತ್ತೆ ಮನೆ ಅಮ್ಮತ್ತಿ ಹತ್ತಿರ. ದೊಡ್ಡವನಿಗೆ 12, ಚಿಕ್ಕವನಿಗೆ 9. ಈ ಸಲ ಪೂರ್ತಿ ಮೇ ತಿಂಗಳು ಅಲ್ಲೇ ಇರ್ತಾರೆ. ಅತ್ತೆಗೆ ಮೊಣಕಾಲು ನೋವು, ಹಿಂದೆ ಓಡೋಕೆ ಆಗಲ್ಲ. ನಮ್ಮವರನ್ನ ಕೇಳಿದ್ರೆ "ನಾವು ಬೆಳಗ್ಗೆ ಹೋದ್ರೆ ಕತ್ತಲಾದ ಮೇಲೇ ಬರ್ತಿದ್ವಿ, ಏನಾಯ್ತು ನಮಗೆ?" ಅಂತಾರೆ. ನನಗೆ ಆನೆ ಭಯ, ದಾರಿ ತಪ್ಪೋ ಭಯ, ಹಾವಿನ ಭಯ. ಚಿಕ್ಕಂದಿನಲ್ಲಿ ಅಲ್ಲಿ ಕಾಡು ಸುತ್ತಿದವರು ಯಾರಾದ್ರೂ ಇದ್ರೆ ನಿಜ ಹೇಳಿ. ನಿಮಗೆ ಏನೂ ಆಗಲೇ ಇಲ್ವಾ?

ರೈಟರ್ ಅಳಿಯ:
ಆಗಿದೆ ಮೇಡಂ. ಅದೇ ಅಮ್ಮತ್ತಿ ಕಡೆಯೇ, 1987ರಲ್ಲಿ.

ನಮ್ಮ ಮಾವ ಅಲ್ಲೊಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು, ಆಗಿದ್ದರು. ಏಪ್ರಿಲ್ 10ಕ್ಕೆ ರಿಸಲ್ಟ್ ಬಂದ ಮಾರನೇ ದಿನ ನನ್ನನ್ನ ಮೈಸೂರಲ್ಲಿ ಬಸ್ಸು ಹತ್ತಿಸೋರು. ಹುಣಸೂರು, ತಿತಿಮತಿ ದಾಟಿ ಗೋಣಿಕೊಪ್ಪಲಲ್ಲಿ ಇಳಿದರೆ ಮಾವ ನಿಂತಿರ್ತಿದ್ದರು. ನನಗೆ ಹತ್ತು ವರ್ಷ, ಮಾವನ ಮಗನಿಗೆ ಹನ್ನೊಂದು. ಒಂದು ವರ್ಷ ದೊಡ್ಡವನು ಅನ್ನೋ ಕಾರಣಕ್ಕೆ ಅವನೇ ನಾಯಕ.

ಆವತ್ತು ಹೋಗಿದ್ದು ಕಾಡುಮಾವಿನ ಹಣ್ಣಿಗೆ. ತೋಟದ ಅಂಚಿನಲ್ಲಿ ಒಂದು ಕಡಂಗ, ಅದರಾಚೆ ದೇವರಕಾಡು. ಕೊಡಗಿನವರಲ್ಲದವರಿಗೆ ಹೇಳ್ತೀನಿ: ಕಡಂಗ ಅಂದ್ರೆ ಹಳೇ ಕಾಲದಲ್ಲಿ ಯುದ್ಧಕ್ಕೆ, ಗಡಿಗೆ ಅಂತ ತೋಡಿದ ಕಂದಕ. ಗುಡ್ಡದ ನೆತ್ತಿ ಹಿಡಿದು ಹಾವಿನ ಹಾಗೆ ಹೋಗುತ್ತೆ. ನಾವು ಇಳಿದ ಕಡೆ ಎರಡಾಳು ಆಳ, ತಳದಲ್ಲಿ ಮಂಡಿವರೆಗೆ ತರಗೆಲೆ. ದೇವರಕಾಡಿನಲ್ಲಿ ಕಡ್ಡಿ ಮುರಿಯಬಾರದು ಅಂತ ಅತ್ತೆ ಹೇಳಿದ್ದರು. ಬಿದ್ದ ಹಣ್ಣು ಆರಿಸಿದರೆ ಮುರಿದ ಹಾಗಲ್ಲ ಅಂತ ನಾಯಕನ ತೀರ್ಪು. ಅಂಗಿ ಮಡಿಲು ತುಂಬ ಆರಿಸಿದೆವು.

ತಪ್ಪಿದ್ದು ಕಾಡಿನೊಳಗಲ್ಲ, ವಾಪಸ್ ಬರುವಾಗ. ಕಡಂಗದೊಳಗೇ ನಡೆದರೆ ನಮ್ಮ ತೋಟಕ್ಕೇ ಹೋಗುತ್ತೆ ಅಂದುಕೊಂಡೆವು. ಒಂದು ಕಡೆ ಅದು ಕವಲೊಡೀತು. ಬಲಕ್ಕೆ ಹೋಗಿ ಬೇರು ಹಿಡಿದು ಮೇಲೆ ಹತ್ತಿದರೆ ಕಾಫಿ ತೋಟ ಸಿಕ್ಕಿತು, ಸಮಾಧಾನ ಆಯ್ತು. ಆದರೆ ಅದು ನಮ್ಮದಲ್ಲ. ಇದು ಗೊತ್ತಾಗೋಕೆ ಅರ್ಧ ಗಂಟೆ ಬೇಕಾಯ್ತು. ಯಾಕಂದ್ರೆ ರೊಬಸ್ಟಾ ಗಿಡ ನಮ್ಮ ತಲೆಗಿಂತ ಎತ್ತರ. ಎತ್ತ ನೋಡಿದರೂ ಅದೇ ಗಿಡ, ಅದೇ ಸಿಲ್ವರ್ ಮರ, ಅದೇ ಮೆಣಸಿನ ಬಳ್ಳಿ. ಕಾಡಿನಲ್ಲಾದರೂ ಒಂದು ಮರ ಇನ್ನೊಂದರ ಹಾಗಿರಲ್ಲ, ಗುರುತು ಇಟ್ಕೋಬಹುದು. ಮಕ್ಕಳು ಕಳೆದುಹೋಗೋದು ತೋಟದಲ್ಲೇ.

ಮೂರು ಗಂಟೆಗೆ ಗುಡುಗು ಶುರುವಾಯ್ತು. ಅಲ್ಲೀವರೆಗೆ ಕಿವಿ ಕೊರೀತಿದ್ದ ಜೀರುಂಡೆಗಳೆಲ್ಲ ಒಟ್ಟಿಗೆ ಸುಮ್ಮನಾದವು. ಆ ಮೌನಕ್ಕೇ ನನಗೆ ಅಳು ಬಂದಿದ್ದು, ಮಳೆಗಲ್ಲ. ಮಳೆ ಬಿದ್ದ ಹತ್ತು ನಿಮಿಷಕ್ಕೆ ಜಿಗಣೆ. ನಾಯಕನೂ ಅತ್ತ. ಈಗ ಕೇಳಿದರೆ ಒಪ್ಪಲ್ಲ.

ಆಗ ಅವನಿಗೆ ಅವರಪ್ಪ ಹೇಳಿದ ಒಂದು ಮಾತು ನೆನಪಾಯ್ತು: ದಾರಿ ತಪ್ಪಿದರೆ ಹತ್ತಬೇಡ, ತೋಡು (ಸಣ್ಣ ಹಳ್ಳ) ಹಿಡಿದು ಇಳಿ. ನಮ್ಮ ಕಡೆ ಎರಡು ಗುಡ್ಡದ ನಡುವೆ ಗದ್ದೆ ಇದ್ದೇ ಇರುತ್ತೆ, ಗದ್ದೆ ಅಂಚಿನಲ್ಲಿ ಮನೆ ಇದ್ದೇ ಇರುತ್ತೆ. ಇಳಿದೆವು. ಗದ್ದೆ ಸಿಕ್ಕಿತು. ಒಬ್ಬ ಹೆಂಗಸು ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡೀತಿದ್ದರು. "ಯಾವ ತೋಟದ ಮಕ್ಕಳು?" ಅಂದರು. ನಾನು "ಮಾವನ ತೋಟ" ಅಂದೆ. "ಯಾವ ಮಾವ?" "ರೈಟರ್ ಮಾವ." ಅವರು ನಕ್ಕು ನಕ್ಕು ಏಡಿ ಬುಟ್ಟಿ ಕೆಳಗಿಟ್ಟರು. ಅಷ್ಟು ವರ್ಷ ಹೋಗಿ ಬಂದರೂ ತೋಟದ ಹೆಸರು ನನಗೆ ಗೊತ್ತಿರಲಿಲ್ಲ.

ಅವರ ಲೈನ್‌ಮನೆ (ತೋಟದ ಕೂಲಿಯವರ ಸಾಲುಮನೆ) ಜಗಲಿಯಲ್ಲಿ ಕೂರಿಸಿ, ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಬೆರಳ ತುದಿಯಲ್ಲಿ ಒಂದೊಂದೇ ಜಿಗಣೆಗೆ ತಾಗಿಸಿದರು. ತಾಗಿಸಿದ ಹಾಗೆ ಸುರುಟಿಕೊಂಡು ಬೀಳ್ತಿದ್ದವು. ನನ್ನ ಕಾಲಲ್ಲಿ ಹನ್ನೊಂದು. ಆಮೇಲೆ ಬೆಲ್ಲದ ಕಾಫಿ ಕೊಟ್ಟು, ಕತ್ತಲಾಗೋ ಮುಂಚೆ ತಾವೇ ಕರ್ಕೊಂಡು ಬಂದು ಬಿಟ್ಟರು.

ಹಾಗಾಗಿ ಮೇಡಂ, ಬಿಡಿ. ಆದರೆ ತೋಟದ ಹೆಸರು, ಮನೆಯ ಹೆಸರು, ಅಜ್ಜಿಯ ಫೋನ್ ನಂಬರ್ ಬಾಯಿಪಾಠ ಮಾಡಿಸಿ ಬಿಡಿ.

ತೋಟದವ:
ರೈಟರ್ ಅಳಿಯ ಅವರ ಕತೆ ಚೆನ್ನಾಗಿದೆ, ಆದರೆ ಸಲಹೆ 1987ರದ್ದು. ನಾನು ಈಗ ಸಿದ್ದಾಪುರ ಪಕ್ಕದಲ್ಲೇ ಇರೋದು. ಆಗ ಆನೆ ಅಪರೂಪಕ್ಕೆ ತೋಟಕ್ಕೆ ಬರ್ತಿತ್ತು, ಈಗ ಕೆಲವು ತೋಟದಲ್ಲೇ ವಾಸ. ಮೇ ಅಂದ್ರೆ ಹಲಸು ಹಣ್ಣಾಗೋ ಹೊತ್ತು. ಆ ವಾಸನೆಗೆ, ತೋಟದ ಕೆರೆ ನೀರಿಗೆ ಬಂದೇ ಬರ್ತವೆ. ನೀವು ಹೇಳಿದ ತೋಡು, ಗದ್ದೆಯೇ ಸಂಜೆ ಹೊತ್ತು ಆನೆ ದಾರಿ. ಹಲವು ಗದ್ದೆ ಪಾಳು ಬಿದ್ದಿವೆ, ಅಲ್ಲಿ ಏಡಿ ಹಿಡಿಯೋರೂ ಇಲ್ಲ.

ನನ್ನ ಮಕ್ಕಳನ್ನ ನಾನು ಬಿಡೋದು ಹೀಗೆ: ಕೆಲಸದವರು ಯಾವ ಕಡೆ ಇದ್ದಾರೋ ಆ ಕಡೆ ಮಾತ್ರ, ಬೆಳಗ್ಗೆ ಬಿಸಿಲು ಬಂದ ಮೇಲೆ, ಅವರು ಕೆಲಸ ಬಿಡೋದರೊಳಗೆ ವಾಪಸ್. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಊರ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ನಿಮ್ಮತ್ತೆ ಆ ಗ್ರೂಪಲ್ಲಿ ಇದ್ದಾರಾ ನೋಡಿ. ಬೆಳಗ್ಗೆ ಎದ್ದ ಕೂಡಲೇ ಅದನ್ನ ಓದೋದು ದೊಡ್ಡವನ ಕೆಲಸ ಮಾಡಿ, ಖುಷಿಯಿಂದ ಮಾಡ್ತಾನೆ. ಹಸಿ ಲದ್ದಿ ಕಂಡರೆ ಅಲ್ಲಿಂದಲೇ ಹಿಂದಕ್ಕೆ. ಸೋಲಾರ್ ಬೇಲಿ ಮುಟ್ಟೋ ಪಂದ್ಯ ಕಟ್ಟಬಾರದು (ಕಟ್ತಾರೆ!). ಹಾವಿಗೆ ಗಂಬೂಟು.

ಬಿರುನಾಣಿ ಹುಡುಗಿ:
ತೋಡು ಹಿಡಿದು ಇಳಿಯೋ ಸೂತ್ರ ನಮ್ಮ ಕಡೆ ನಡೆಯಲ್ಲ ಅಣ್ಣ 😄 ಬ್ರಹ್ಮಗಿರಿ, ಮಾಕುಟ್ಟ ಕಡೆ ಇಳಿದರೆ ಗದ್ದೆ ಬದಲು ಬಂಡೆ, ಜಲಪಾತ. ನಿಮ್ಮ ನೀರೆಲ್ಲ ಕಾವೇರಿಗೆ, ನಮ್ಮ ಬರಪೊಳೆ ನದಿ ಪಶ್ಚಿಮಕ್ಕೆ. ಹಿಡಿದು ನಡೆದರೆ ಕೇರಳ. ನಮ್ಮಜ್ಜಿ ಹೇಳಿಕೊಟ್ಟಿದ್ದು ಬೇರೆ: ದಾರಿ ತಪ್ಪಿದ್ದು ಗೊತ್ತಾದ ಜಾಗದಲ್ಲೇ ಕೂತ್ಕೋ, ಸ್ವಲ್ಪ ಸ್ವಲ್ಪ ಹೊತ್ತಿಗೆ ಕೂಗು ಹಾಕು. ಹುಡುಕೋರು ಬರ್ತಾರೆ, ನೀನು ಜಾಗ ಬದಲಾಯಿಸ್ತಾ ಇದ್ದರೆ ಅವರೂ ತಪ್ಪಿಸ್ಕೊಳ್ತಾರೆ. ನಾನು ಒಂದು ಸಲ ಹಾಗೆ ಕೂತಿದ್ದೆ, ನಿದ್ದೆ ಬಂತು, ಕೂಗೋದು ಮರೆತೆ. ಒದೆ ಬಿತ್ತು. ಇಬ್ಬರ ಕೊರಳಿಗೂ ಒಂದೊಂದು ಸೀಟಿ ಕಟ್ಟಿ ಕಳಿಸಿ.

ಬೆಂಗಳೂರಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಸೀಟಿ ತಗೊಂಡೆ, ತಪ್ಪಾಯ್ತು, ನಿನ್ನೆಯಿಂದ ಅಪಾರ್ಟ್‌ಮೆಂಟಿನವರೆಲ್ಲ ಬೈತಿದ್ದಾರೆ. ಅತ್ತೆ ಗ್ರೂಪಲ್ಲಿ ಇದ್ದಾರಂತೆ, ಮ್ಯೂಟ್ ಮಾಡಿಟ್ಟಿದ್ದಾರಂತೆ. ಬೆಳಗ್ಗೆ ಮಾತ್ರ, ಕೆಲಸದವರು ಇರೋ ಕಡೆ ಮಾತ್ರ ಅಂತ ಒಪ್ಪಂದ ಆಯ್ತು. ನಮ್ಮವರಿಗೆ ತೋಟದವ ಅವರ ಉತ್ತರ ತೋರಿಸಿದೆ, ಸುಮ್ಮನಾದರು.

ರೈಟರ್ ಅಳಿಯ ಸರ್, ಚಿಕ್ಕವನು ಕೇಳ್ತಿದ್ದಾನೆ, ಮಾವಿನ ಹಣ್ಣು ಏನಾಯ್ತು?

ರೈಟರ್ ಅಳಿಯ:
ತೋಟದವ ಹೇಳಿದ್ದು ಸರಿ, ನಾನು ಈಗಿನ ಆನೆ ಲೆಕ್ಕ ಹಿಡಿಯಲೇ ಇಲ್ಲ.

ಚಿಕ್ಕವನಿಗೆ ಹೇಳಿ, ಕಡಂಗ ಹತ್ತುವಾಗ ಮಡಿಲಲ್ಲಿದ್ದದ್ದೆಲ್ಲ ಉರುಳಿ ಹೋಯ್ತು. ಚಡ್ಡಿ ಜೇಬಲ್ಲಿ ನಾಲ್ಕು ಉಳಿದಿತ್ತು. ಮಾವ ಬೈದು ಮುಗಿಸೋ ತನಕ ಜೇಬಲ್ಲೇ ಇತ್ತು. ರಾತ್ರಿ ಅತ್ತೆ ಅದಕ್ಕೆ ಬೆಲ್ಲ, ಖಾರ ಹಾಕಿ ಗೊಜ್ಜು ಮಾಡಿದರು. ಮೊದಲ ಗೊರಟೆ ಚೀಪಿದ್ದು ಮಾವನೇ.