ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಮುಗಿದಿದೆ: ಮೊದಲು ಸರ್ಟಿಫಿಕೇಟ್ ಕೋರ್ಸಾ, ಕೆಲಸವಾ?

ಪ್ರಶ್ನೆ:
ಡಿಗ್ರಿ ಮುಗಿದು ನಾಲ್ಕು ತಿಂಗಳಾಯಿತು. ಮೂರು ಇಂಟರ್‌ವ್ಯೂ ಕೊಟ್ಟೆ. ಎಲ್ಲ ಕಡೆಯೂ 'ಅನುಭವ ಎಷ್ಟು?' ಎಂದೇ ಕೇಳಿದರು. ಕಾಲೇಜಿನಿಂದ ಹೋಗಿದ್ದ ಟ್ರೈನಿಂಗ್ ಲೆಕ್ಕಕ್ಕೇ ಬರಲಿಲ್ಲ. ನನಗೆ ಫ್ರಂಟ್ ಆಫೀಸ್ (ರಿಸೆಪ್ಷನ್ ಕಡೆಯ ಕೆಲಸ) ಇಷ್ಟ, ಕ್ರೂಸ್ ಹಡಗಿನ ಆಸೆಯೂ ಇದೆ. ಗೆಳೆಯರು ಏನಾದರೂ ಸರ್ಟಿಫಿಕೇಟ್ ಮಾಡು ಅನ್ನುತ್ತಾರೆ. ಮನೆಯಲ್ಲಿ ಮತ್ತೆ ಫೀಸ್ ಕೇಳಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ 1:
ಹದಿಮೂರು ವರ್ಷದಿಂದ ಫ್ರಂಟ್ ಆಫೀಸ್‌ನಲ್ಲಿದ್ದೇನೆ, ಹೊಸಬರ ಇಂಟರ್‌ವ್ಯೂ ನಾನೇ ಮಾಡುತ್ತೇನೆ. ದಯವಿಟ್ಟು ಸುಮ್ನೆ ಸರ್ಟಿಫಿಕೇಟ್ ಗುಡ್ಡೆ ಹಾಕಬೇಡಿ. ನಾನು ಕೇಳುವುದು ಒಂದೇ: ಬುಕಿಂಗ್ ಇರುವ ಗೆಸ್ಟ್ ರಾತ್ರಿ 11ಕ್ಕೆ ಬಂದಿದ್ದಾರೆ, ರೂಮ್ ಖಾಲಿ ಇಲ್ಲ, ಏನು ಮಾಡುತ್ತೀರಿ? ಕ್ಷಮೆ ಕೇಳಿ, ಅದೇ ಮಟ್ಟದ ಬೇರೆ ಹೋಟೆಲಿನಲ್ಲಿ ರೂಮ್ ಹಿಡಿದು, ನಮ್ಮ ಖರ್ಚಿನಲ್ಲೇ ಕಾರಿನಲ್ಲಿ ಕಳಿಸುತ್ತೇನೆ ಎಂದ ಹುಡುಗಿಯೊಬ್ಬಳನ್ನು ಅವತ್ತೇ ತೆಗೆದುಕೊಂಡೆ. ಅವಳ ಫೈಲ್‌ನಲ್ಲಿ ಡಿಗ್ರಿ ಬಿಟ್ಟರೆ ಬೇರೇನೂ ಇರಲಿಲ್ಲ.

ಕಲಿಯುವುದಿದ್ದರೆ ಒಪೆರಾದಂಥ ಹೋಟೆಲ್ ಸಾಫ್ಟ್‌ವೇರ್ ಕಲಿಯಿರಿ. ನೈಟ್ ಶಿಫ್ಟ್ ಸಿಕ್ಕರೆ ಬೇಡ ಅನ್ನಬೇಡಿ. ಆಗ ಮಾಡುವ ನೈಟ್ ಆಡಿಟ್‌ನಲ್ಲಿ, ಅಂದರೆ ದಿನದ ಲೆಕ್ಕ ಮುಗಿಸುವಾಗ, ದಿನದ ರೂಮ್ ಬಾಡಿಗೆಯನ್ನು ಗೆಸ್ಟ್‌ಗಳ ಲೆಕ್ಕಕ್ಕೆ ಹಾಕುತ್ತೀರಿ, ಬಿಲ್ಲು, ಕಾರ್ಡು, ನಗದು ತಾಳೆ ನೋಡುತ್ತೀರಿ. ಹೋಟೆಲಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ನನಗೆ ಅರ್ಥವಾಗಿದ್ದೇ ಅಲ್ಲಿ.

ಉತ್ತರ 2:
ನಾನು ಅಡುಗೆಮನೆಯವನು. ನಮ್ಮಲ್ಲಿ ಆಹಾರ ಸುರಕ್ಷತೆಯ ಸರ್ಟಿಫಿಕೇಟ್‌ಗೆ ಬೆಲೆ ಇದೆ. ಹಾಸಪ್ (HACCP, ಆಹಾರ ಎಲ್ಲಿ ಕೆಡಬಹುದು ಎಂದು ಮೊದಲೇ ಗುರುತಿಸಿ ತಡೆಯುವ ಪದ್ಧತಿ) ಗೊತ್ತಿದ್ದರೆ ಇನ್ನೂ ಒಳ್ಳೆಯದು. ಫ್ರಂಟ್ ಆಫೀಸ್‌ಗೆ ಅದು ಬೇಕಾಗಿಲ್ಲ.

ಉತ್ತರ 3:
ಹಡಗಿನ ವಿಷಯ ಹೇಳುತ್ತೇನೆ. ಅಲ್ಲಿ ಎಸ್‌ಟಿಸಿಡಬ್ಲ್ಯೂ (ಹಡಗಿನ ಸಿಬ್ಬಂದಿಯ ತರಬೇತಿಗೆ ಇರುವ ಅಂತರರಾಷ್ಟ್ರೀಯ ನಿಯಮ) ಪ್ರಕಾರದ ಸುರಕ್ಷತಾ ತರಬೇತಿ ಕೇಳುತ್ತಾರೆ: ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇತ್ಯಾದಿ. 5 ವರ್ಷಕ್ಕೊಮ್ಮೆ ಮತ್ತೆ ಅಭ್ಯಾಸ ತೋರಿಸಬೇಕು. ಕೆಲವು ಕಂಪನಿಗಳು ತಾವೇ ಕಲಿಸುತ್ತವೆ, ಹಾಗಾಗಿ ಕೇಳಿಕೊಂಡು ಸೇರಿ. ಸೇರುವ ಮುಂಚಿನ ಮೆಡಿಕಲ್ ಪರೀಕ್ಷೆಯ ಖರ್ಚು ನಿಮ್ಮ ಮೇಲೆ ಬರಬಹುದು. ಆದರೆ ಕೆಲಸ ಕೊಡಿಸಲು ಏಜೆಂಟ್ ದುಡ್ಡು ಕೇಳಿದರೆ ಎದ್ದು ಬನ್ನಿ. 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ ಅದು ತಪ್ಪು. ಇದು ಗೊತ್ತಿಲ್ಲದೆ ನಾನು ಒಬ್ಬ ಏಜೆಂಟ್‌ಗೆ ಅಕ್ಕನ ಉಳಿತಾಯವನ್ನೆಲ್ಲ ಕೊಟ್ಟು ಕಳೆದುಕೊಂಡೆ. ಇವತ್ತಿಗೂ ನೋವಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೊನ್ನೆ ಒಂದು ಕಡೆ ನೈಟ್ ಶಿಫ್ಟ್ ಮಾತ್ರ ಇದೆ ಎಂದಿದ್ದರು, ಬೇಡ ಅಂದು ಬಂದಿದ್ದೆ. ಈಗಲೇ ಫೋನ್ ಮಾಡಿ, ಇನ್ನೂ ಖಾಲಿ ಇದೆಯಾ ಕೇಳುತ್ತೇನೆ.