ಮೆಟ್ಟಿಲ ಮೇಲಿನ ಗೇಟು ಜಾರುತ್ತಿದೆ, ಹತ್ತು ತಿಂಗಳ ಮಗು ಇದೆ. ಏನು ಮಾಡಲಿ?

ತುಮಕೂರು ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ ಈಗ ಹತ್ತು ತಿಂಗಳು. ಹೋದ ವಾರ ಹೊಸಿಲು ದಾಟಿದ ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ, ನನಗೆ ಮಾತ್ರ ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ನಮ್ಮದು ಮಹಡಿ ಮನೆ, ಮಲಗುವ ಕೋಣೆ ಮೇಲಿದೆ. ಮೆಟ್ಟಿಲು ಶುರುವಾಗುವಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ದುಂಡನೆ ಸ್ಟೀಲ್ ಪೈಪಿನ ಕಂಬ. ಗೋಡೆಗೆ ತೂತು ಹೊಡೆಯೋದು ಬೇಡ, ನಾಲ್ಕು ಮೂಲೆಯ ಸ್ಕ್ರೂ ತಿರುಗಿಸಿ ಬಿಗಿ ಮಾಡಿದರೆ ಸಾಕು ಅಂತ ಬರೆದಿದ್ದ ಗೇಟು ತರಿಸಿದೆ. ಗೋಡೆ ಕಡೆ ಗಟ್ಟಿಯಾಗಿ ಕೂತಿದೆ. ಪೈಪಿನ ಕಡೆ ರಬ್ಬರ್ ಬಿಲ್ಲೆ ಎರಡೇ ದಿನಕ್ಕೆ ಜಾರುತ್ತದೆ. ಬಟ್ಟೆ ಸುತ್ತಿ ನೋಡಿದೆ, ಟೇಪ್ ಹಾಕಿ ನೋಡಿದೆ. ನಿನ್ನೆ ಅವನು ಗೇಟು ಹಿಡಿದು ಎದ್ದು ನಿಂತು ಎರಡು ಸಲ ಅಲ್ಲಾಡಿಸಿದ, ಕೆಳಗಿನ ಮೂಲೆ ಒಂದು ಬೆರಳಷ್ಟು ಮುಂದಕ್ಕೆ ಸರಿಯಿತು. ಪಕ್ಕದಲ್ಲೇ ಇದ್ದೆ, ಎತ್ತಿಕೊಂಡೆ. ಪೈಪಿಗೆ ಏನು ಹಾಕಿದರೆ ನಿಲ್ಲುತ್ತದೆ?

ಹಾಸನದ ಅಪ್ಪ:
ಅಕ್ಕಾ, ಏನು ಹಾಕಿದರೂ ನಿಲ್ಲುವುದಿಲ್ಲ. ಮೊದಲು ಆ ಗೇಟು ಅಲ್ಲಿಂದ ತೆಗೆಯಿರಿ. ಹಾಗೆ ಬಿಗಿ ಮಾಡಿ ನಿಲ್ಲಿಸುವ ಗೇಟು ಎರಡು ಕೋಣೆಗಳ ನಡುವೆ ಸರಿ, ಮೆಟ್ಟಿಲ ಮೇಲ್ಗಡೆ ಯಾವತ್ತೂ ಬೇಡ. ಮಗು ದಿನಾ ಅಲ್ಲಾಡಿಸಿದರೆ ಸಡಿಲ ಆಗೇ ಆಗುತ್ತದೆ. ಜೊತೆಗೆ ಅದರ ಕೆಳಗೊಂದು ಅಡ್ಡ ಪಟ್ಟಿ ಇರುತ್ತದೆ ಅಲ್ವಾ, ಗೇಟು ತೆರೆದಾಗಲೂ ಅದು ನೆಲದ ಮೇಲೇ ಇರುತ್ತದೆ. ರಾತ್ರಿ ಕತ್ತಲಲ್ಲಿ ಮಗುವನ್ನು ಎತ್ತಿಕೊಂಡು ಇಳಿಯುವಾಗ ಅದಕ್ಕೆ ಕಾಲು ತಗುಲಿದರೆ ಇಬ್ಬರೂ ಉರುಳುತ್ತೀರಿ.

ಅಲ್ಲಿಗೆ ಸ್ಕ್ರೂ ಹೊಡೆದು ಕೂರಿಸುವ ಗೇಟೇ ಬೇಕು.

ತುಮಕೂರು ಅಮ್ಮ:
ಬಾಡಿಗೆ ಮನೆ ಅಣ್ಣಾ. ಗೋಡೆಗೆ ಡ್ರಿಲ್ ಹಾಕಿದರೆ ಓನರ್ ಏನಂತಾರೋ. ಪೈಪಿಗಂತೂ ಸ್ಕ್ರೂ ಹೊಡೆಯೋಕೆ ಆಗಲ್ಲ.

ಹಾಸನದ ಅಪ್ಪ:
ಓನರ್ ಹತ್ತಿರ ಮಗುವಿನ ವಿಷಯ ಹೇಳಿ ಕೇಳಿ. ನಾಲ್ಕೇ ತೂತು, ಮನೆ ಬಿಡುವಾಗ ಪುಟ್ಟಿ ತುಂಬಿ ಬಣ್ಣ ಬಳಿದರೆ ಗೊತ್ತೂ ಆಗುವುದಿಲ್ಲ. ಅವರು ಒಪ್ಪುವವರೆಗೆ ಈಗಿರುವ ಗೇಟನ್ನು ಮಲಗುವ ಕೋಣೆಯ ಬಾಗಿಲಿಗೆ ಹಾಕಿ. ಎರಡೂ ಕಡೆ ಗಟ್ಟಿ ಚೌಕಟ್ಟು ಇರುವುದರಿಂದ ಅಲ್ಲಿ ಚೆನ್ನಾಗಿ ಹಿಡಿಯುತ್ತದೆ, ಮಗು ಮೆಟ್ಟಿಲವರೆಗೆ ಬರುವುದೇ ಇಲ್ಲ.

ಪೈಪಿನ ಕಡೆಗೆ ನಾನು ಮಾಡಿದ್ದು ಹೀಗೆ. ಒಂದು ಇಂಚು ದಪ್ಪ, ನಾಲ್ಕು ಇಂಚು ಅಗಲದ ಗಟ್ಟಿ ಮರದ ಹಲಗೆ, ಗೇಟಿನಷ್ಟೇ ಎತ್ತರ. ಅದನ್ನು ಕಂಬಕ್ಕೆ ಮೂರು ಕಡೆ ಯು ಬೋಲ್ಟ್ ಹಾಕಿ ಕಟ್ಟಬೇಕು. ಪೈಪಿನ ಅಳತೆ ತೆಗೆದುಕೊಂಡು ಹೋದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಹಲಗೆಗೂ ಪೈಪಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಇಡಿ, ಇದನ್ನು ಮರೆಯಬೇಡಿ, ಇಲ್ಲದಿದ್ದರೆ ಹಲಗೆ ಪೈಪಿನ ಸುತ್ತ ತಿರುಗುತ್ತದೆ. ನನಗೆ ಮೊದಲ ಸಲ ಹಾಗೇ ಆಯಿತು. ಹೊರಗೆ ಉಳಿದ ಬೋಲ್ಟಿನ ತುದಿ ಕತ್ತರಿಸಿ ಕ್ಯಾಪ್ ಹಾಕಿ. ಗೇಟಿನ ಕೀಲು ಗೋಡೆಗೆ, ಚಿಲಕ ಹಲಗೆಗೆ. ಗೋಡೆಯಲ್ಲಿ ಬರೀ ಗಾರೆಗೆ ಸ್ಕ್ರೂ ಹಿಡಿಸಬೇಡಿ, ಇಟ್ಟಿಗೆ ಒಳಗೆ ಹೋಗಬೇಕು. ಗೇಟು ನಿಮ್ಮ ಕಡೆಗೇ ತೆರೆಯಲಿ, ಮೆಟ್ಟಿಲ ಕಡೆಗಲ್ಲ.

ರೇಲಿಂಗಿನ ಪೈಪುಗಳ ಸಂದು ಎಷ್ಟಿದೆ? 10 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ, ಇಲ್ಲಾ ಪೈಪುಗಳು ಅಡ್ಡಡ್ಡ ಇದ್ದರೆ, ಒಳಗಡೆಯಿಂದ ಗಟ್ಟಿ ನೆಟ್ ಎಳೆದು ಕಟ್ಟಿ. ಅಡ್ಡ ಪೈಪ್ ಮಕ್ಕಳಿಗೆ ಏಣಿ ಇದ್ದ ಹಾಗೆ.

ವಾರ್ಡ್ ನರ್ಸ್:
ಗೇಟಿನ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು, ಅದಕ್ಕೇ ಇನ್ನೆರಡು ಮಾತು ಹೇಳದೆ ಇರಲಾರೆ.

ಒಂದು, ಬಚ್ಚಲಲ್ಲಿ ತುಂಬಿಟ್ಟ ಬಕೆಟ್. ನೀರು ಬರುವ ದಿನ ಎಲ್ಲರ ಮನೆಯಲ್ಲೂ ತುಂಬಿಡುತ್ತೇವೆ. ಈ ವಯಸ್ಸಲ್ಲಿ ಮಗುವಿಗೆ ತಲೆಯೇ ಭಾರ. ಅಂಚು ಹಿಡಿದು ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ, ವಾಪಸ್ ಏಳಲು ಆಗುವುದಿಲ್ಲ, ಕೂಗು ಕೂಡ ಕೇಳಿಸುವುದಿಲ್ಲ. ತಳದಲ್ಲಿ ಎರಡು ಇಂಚು ನೀರಿದ್ದರೂ ಸಾಕು. ಬಳಸಿದ ಮೇಲೆ ಬಕೆಟ್ ಬೋರಲು ಹಾಕಿ. ಬಚ್ಚಲ ಬಾಗಿಲಿಗೆ ಹೊರಗಡೆ, ಮೇಲ್ಗಡೆ ಚಿಲಕ ಇರಲಿ.

ಎರಡು, ದೇವರ ಮನೆಯ ಕರ್ಪೂರ. ನೋಡೋಕೆ ಕಲ್ಲುಸಕ್ಕರೆ ಥರಾನೇ ಇರುತ್ತದೆ, ಡಬ್ಬಿ ನೆಲದ ಹತ್ತಿರವೇ ಇರುತ್ತದೆ. ಒಂದೆರಡು ಬಿಲ್ಲೆ ನುಂಗಿದರೂ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಹಾಗೇನಾದರೂ ಆದರೆ ಉಪ್ಪುನೀರು ಕುಡಿಸಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಡಬ್ಬಿಯನ್ನೂ ತೆಗೆದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಬೀರುವಿನ ನುಸಿಗುಳಿಗೆಯನ್ನೂ ಮೇಲಿಡಿ.

ತುಮಕೂರು ಅಮ್ಮ:
ಇಬ್ಬರಿಗೂ ತುಂಬಾ ಧನ್ಯವಾದ. ಓನರ್ ಒಪ್ಪಿದರು, ಡ್ರಿಲ್ ಕೂಡ ಅವರೇ ಕೊಟ್ಟರು. ನಿನ್ನೆ ಹಲಗೆ ಕಟ್ಟಿಸಿ ಹೊಸ ಗೇಟು ಕೂರಿಸಿದೆವು. ನಮ್ಮೆಜಮಾನರು ಮೈಭಾರ ಬಿಟ್ಟು ತಳ್ಳಿದರೂ ಅಲ್ಲಾಡಲಿಲ್ಲ. ಹಳೇ ಗೇಟು ಅಡುಗೆಮನೆ ಬಾಗಿಲಿಗೆ ಹಾಕಿದೆ.

ಮೇಡಂ, ನಿಮ್ಮ ಮಾತು ಓದಿ ದೇವರ ಮನೆಗೆ ಹೋಗಿ ನೋಡಿದೆ. ಕರ್ಪೂರದ ಡಬ್ಬಿ ನೆಲದ ಮೇಲೆ, ಗಂಟೆ ಪಕ್ಕದಲ್ಲೇ, ಮುಚ್ಚಳ ತೆಗೆದೇ ಇತ್ತು. ಅವನಿಗೆ ಗಂಟೆ ಅಂದರೆ ಪ್ರಾಣ. ಕೈಯೆಲ್ಲಾ ನಡುಗಿತು. ಈಗ ಅತ್ತೆಯವರೇ ಅದನ್ನು ಮೇಲಿನ ಗೂಡಿಗೆ ಎತ್ತಿಟ್ಟಿದ್ದಾರೆ.

ಹಾಸನದ ಅಪ್ಪ:
ಒಳ್ಳೇದಾಯಿತು ಅಕ್ಕಾ. ಮರ ಒಣಗಿದ ಹಾಗೆ ನಟ್ ಸಡಿಲ ಆಗುತ್ತದೆ, ತಿಂಗಳಿಗೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.